ಕುಂತಲ್ಲೇ ಸಾವಿರ ಹೆಜ್ಜೆ

ಕಳೆದ ಸೆಮಿಸ್ಟರ್ ರಜೆಯಲ್ಲಿ ಮುಧೋಳದ ಒಂದು ಅಡುಗೆಮನೆಯಲ್ಲಿ, ಕೂತ ಜಾಗದಿಂದ ಏಳದೆ, ಕಾಕು 1,312 ಹೆಜ್ಜೆ ನಡೆದರು. ಒಲೆ ಮುಂದೆ ಕೂತು 26 ರೊಟ್ಟಿ ಬಡಿದಿದ್ದರು, ಅಷ್ಟೇ. ಬಲಗೈಗೆ ನಾವು ಸ್ಮಾರ್ಟ್‌ವಾಚ್ ಕಟ್ಟಿದ್ದೆವು. ಕೊನೆಯ ರೊಟ್ಟಿ ಹಂಚಿಗೆ ಬಿದ್ದ ಮೇಲೆ ಹಿಟ್ಟು ಮೆತ್ತಿದ ವಾಚ್ ಒರೆಸಿ ತೋರಿಸಿದೆವು. ಕಾಕು ನಕ್ಕಿದ್ದೇ ನಕ್ಕಿದ್ದು. "ಏನ್ರೋ ಇದು, ಕುಂತಲ್ಲೇ ನಾ ಗುಡಿಗೆ ಹೋಗಿ ಬಂದಂಗಾತಲ್ಲ!"

ಇಲ್ಲಿ 'ನಾವು' ಅಂದರೆ ಹಾಸ್ಟೆಲಿನ ಒಂದೇ ರೂಮಿನ ಮೂವರು. ಮೂವರೂ ಮುಧೋಳ ತಾಲ್ಲೂಕಿನವರು, ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಆದ್ದರಿಂದ ಒತ್ತು, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಕಾಕು ನಮ್ಮಲ್ಲೊಬ್ಬನ ಅವ್ವ, ಉಳಿದಿಬ್ಬರಿಗೂ ಅವರು ಕಾಕುನೇ. ಆ ವಾಚ್ ಮಾತ್ರ ಅವರದಲ್ಲ. ಮೂವರೂ ದುಡ್ಡು ಕೂಡಿಸಿ ದಸರಾ ರಜೆಯಲ್ಲಿ ಕಾಕಾಗೆ ತಂದುಕೊಟ್ಟಿದ್ದು. ಕಾಕಾ ಆಗ ಕಾಲಿಗೆ ಪಟ್ಟಿ ಕಟ್ಟಿಕೊಂಡು ಹೊರಸಿನ ಮೇಲೆ ಕೂತಿದ್ದರು, ವಾಚ್ ಖಾಲಿ ಬಿದ್ದಿತ್ತು. ಕಾಲಿಗೆ ಏನಾಯಿತು ಅನ್ನುವುದನ್ನು ಆಮೇಲೆ ಹೇಳುತ್ತೇವೆ. ಅದಕ್ಕೂ ನಾವು ಈ ಲೇಖನ ಬರೆಯುವುದಕ್ಕೂ ಸಂಬಂಧ ಇದೆ.

ನಮ್ಮ ಕ್ಯಾಂಪಸ್ಸಿನಲ್ಲಿ ಈಗ ಫಿಟ್‌ನೆಸ್ ಆ್ಯಪ್ ಇಲ್ಲದ ಫೋನ್ ಸಿಗುವುದು ಕಷ್ಟ. ಗೂಗಲ್ ಫಿಟ್, ಸ್ಯಾಮ್‌ಸಂಗ್ ಹೆಲ್ತ್, ಸ್ಟ್ರಾವಾ, ನಮ್ಮ ಬೆಂಗಳೂರಿನಲ್ಲೇ 2012ರಲ್ಲಿ ಹುಟ್ಟಿದ ಹೆಲ್ದಿಫೈಮಿ, ಇಲ್ಲವೆಂದರೆ ವಾಚಿನ ಕಂಪನಿಯದೇ ಒಂದು ಆ್ಯಪ್. ಕ್ಲಾಸ್ ಗ್ರೂಪಿನಲ್ಲಿ ರಾತ್ರಿ ಹತ್ತಕ್ಕೆ ಸ್ಕ್ರೀನ್‌ಶಾಟ್ ಬೀಳುತ್ತವೆ: ಇವತ್ತು ಹನ್ನೆರಡು ಸಾವಿರ, ನಾಳೆ ಹದಿನೈದು. ಎಂಜಿನಿಯರಿಂಗ್ ಓದುವವರು ನಾವು. ಲ್ಯಾಬಿನಲ್ಲಿ ಮಲ್ಟಿಮೀಟರ್ ರೀಡಿಂಗ್ ಬಂದರೆ 'ಎರರ್ ಎಷ್ಟು?' ಅಂತ ವೈವಾದಲ್ಲಿ ಕೇಳುತ್ತಾರೆ. ಆ್ಯಪ್ ತೋರಿಸಿದ ನಂಬರಿಗೆ ಆ ಪ್ರಶ್ನೆ ನಾವ್ಯಾರೂ ಕೇಳಿರಲಿಲ್ಲ.

ಫೋನಿಗೆ ಕಾಲು ಕಾಣುವುದಿಲ್ಲ

ಫೋನಿನೊಳಗೆ ಆಕ್ಸೆಲರೋಮೀಟರ್ ಅನ್ನುವ ಒಂದು ಸಣ್ಣ ಚಿಪ್ ಇರುತ್ತದೆ. ಅದರೊಳಗೆ ಸಿಲಿಕಾನಿನಲ್ಲೇ ಕೆತ್ತಿದ ಒಂದು ಪುಟ್ಟ ತೂಕ, ಅದನ್ನು ಹಿಡಿದಿರುವ ಸಿಲಿಕಾನಿನದೇ ಸ್ಪ್ರಿಂಗ್. ಫೋನ್ ಅಲುಗಿದರೆ ತೂಕ ಒಂಚೂರು ಹಿಂದೆ ಉಳಿಯುತ್ತದೆ. ಬಸ್ ಏಕದಂ ಬಿಟ್ಟಾಗ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಹಾಗೆ. ತೂಕಕ್ಕೂ ಅದರ ಪಕ್ಕದ ಪ್ಲೇಟುಗಳಿಗೂ ನಡುವಿನ ಅಂತರ ಬದಲಾದರೆ ಕೆಪ್ಯಾಸಿಟನ್ಸ್ ಬದಲಾಗುತ್ತದೆ, ಅದನ್ನು ಅಳೆದರೆ ವೇಗೋತ್ಕರ್ಷ ಗೊತ್ತಾಗುತ್ತದೆ. ಎಕ್ಸ್, ವೈ, ಝಡ್ ಮೂರೂ ದಿಕ್ಕಿಗೆ ಒಂದೊಂದು. ಫೋನನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟರೂ ಅದು 9.8ರ ಹತ್ತಿರ ತೋರಿಸುತ್ತದೆ, ಗುರುತ್ವದ ದೆಸೆಯಿಂದ.

ಕಿಸೆಯಲ್ಲಿ ಫೋನ್ ಉಲ್ಟಾ ಇದೆಯೋ ಸುಲ್ಟಾ ಇದೆಯೋ ಚಿಪ್ಪಿಗೆ ಗೊತ್ತಿಲ್ಲ. ಅದಕ್ಕೇ ಮೂರೂ ಅಂಕಿಗಳ ವರ್ಗ ಕೂಡಿಸಿ ವರ್ಗಮೂಲ ತೆಗೆಯುತ್ತಾರೆ. ದಿಕ್ಕಿನ ತಲೆನೋವು ಹೋಗುತ್ತದೆ. ಉಳಿದ ಸಿಗ್ನಲ್‌ನಲ್ಲಿ ನಡಿಗೆ ಅಲೆಯ ಹಾಗೆ ಕಾಣುತ್ತದೆ. ಮನುಷ್ಯ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತಾನೆ, ಅಂದರೆ 2 ಹರ್ಟ್ಜ್ ಆಸುಪಾಸು. ಅದಕ್ಕಿಂತ ಬಹಳ ಮೇಲಿನದನ್ನು ಫಿಲ್ಟರ್ ಹಾಕಿ ತೆಗೆದು, ಉಳಿದ ಅಲೆಯ ತುದಿಗಳನ್ನು ಎಣಿಸಿದರೆ ಅದೇ ಹೆಜ್ಜೆ. ಒಂದೆರಡು ತುದಿ ಕಂಡರೆ ಎಣಿಸುವುದಿಲ್ಲ; ಒಂದೇ ತಾಳದಲ್ಲಿ ಸಾಲಾಗಿ ಕೆಲವು ಬಂದ ಮೇಲೆ ಮಾತ್ರ 'ಹಾಂ, ಇವನು ನಡೆಯುತ್ತಿದ್ದಾನೆ' ಅಂತ ಒಪ್ಪಿಕೊಳ್ಳುತ್ತದೆ. 2013ರಲ್ಲಿ ಬಂದ ಆಂಡ್ರಾಯ್ಡ್ 4.4ರಿಂದ ಈ ಎಣಿಕೆಯನ್ನು ಮುಖ್ಯ ಪ್ರೊಸೆಸರನ್ನು ಎಬ್ಬಿಸದೆ ಹಾರ್ಡ್‌ವೇರಿನಲ್ಲೇ ಮಾಡುವ ವ್ಯವಸ್ಥೆ ಇದೆ. ಬ್ಯಾಟರಿ ಉಳಿಯುವುದು ಅದರಿಂದಲೇ. ಆ ಕೌಂಟರ್ ಫೋನ್ ರೀಸ್ಟಾರ್ಟ್ ಆದರೆ ಸೊನ್ನೆಗೆ ಬರುತ್ತದೆ, ಹಳೆಯದನ್ನು ನೆನಪಿಟ್ಟುಕೊಳ್ಳುವುದು ಆ್ಯಪಿನ ಕೆಲಸ. ಮಿನಿ ಪ್ರಾಜೆಕ್ಟಿಗೆ ಸ್ಟೆಪ್ ಕೌಂಟರ್ ಮಾಡಹೊರಟವರಿಗೆ ಇದೊಂದು ಮಾತು ಉಪಯೋಗಕ್ಕೆ ಬರಬಹುದು. ನಮ್ಮ ಒಂದು ವಾರ ಇದಕ್ಕೇ ಹೋಗಿತ್ತು.

ಇಷ್ಟು ಗೊತ್ತಾದ ಮೇಲೆ ಕಾಕುನ ಪವಾಡ ಪವಾಡವಾಗಿ ಉಳಿಯುವುದಿಲ್ಲ. ರೊಟ್ಟಿ ಬಡಿಯುವ ಕೈ ಸೆಕೆಂಡಿಗೆ ಎರಡು ಮೂರು ಸಲ, ಒಂದೇ ತಾಳದಲ್ಲಿ ಬೀಳುತ್ತದೆ. ಮಣಿಕಟ್ಟಿನ ವಾಚಿಗೆ ಅದು ಬೀಸುಗೈ ನಡಿಗೆ. ಜಮಖಂಡಿಯಿಂದ ಮುಧೋಳಕ್ಕೆ ಬಸ್ಸಿನಲ್ಲಿ ಬಂದಾಗ ಅಷ್ಟು ಕುಲುಕಾಡಿದರೂ ಕಿಸೆಯ ಫೋನ್ 60 ಹೆಜ್ಜೆಯನ್ನೂ ಎಣಿಸಲಿಲ್ಲ, ಯಾಕೆಂದರೆ ಗುಂಡಿಗಳಿಗೆ ತಾಳ ಇಲ್ಲ. ಬೈಕಿನ ನಡುಕಕ್ಕೆ ತಾಳ ಇದೆ, ಆದರೆ ನಿಮಿಷಕ್ಕೆ 3,000 ಸುತ್ತು ಅಂದರೆ 50 ಹರ್ಟ್ಜ್. ಫಿಲ್ಟರ್ ಅದನ್ನು ಬಾಗಿಲಲ್ಲೇ ತಡೆಯುತ್ತದೆ.

ಹೀಗೆ ಆಟವಾಗಿ ಶುರುವಾದದ್ದು ಹೊಲದಲ್ಲಿ ಆಟ ಅನಿಸಲಿಲ್ಲ. ಆಗ ಕಬ್ಬಿನ ಹಂಗಾಮು. ಘಟಪ್ರಭಾ ದಂಡೆಯ ಊರುಗಳಲ್ಲಿ ಎಲ್ಲಿ ನೋಡಿದರೂ ಟ್ರ್ಯಾಕ್ಟರ್, ಟ್ರೇಲರ್. ನಮ್ಮಲ್ಲೊಬ್ಬನ ಹೊಲದಲ್ಲಿ ಕಬ್ಬು ಕಡಿಯಲು ಬಂದಿದ್ದ ಗ್ಯಾಂಗಿನ ಒಬ್ಬ ಅಣ್ಣನನ್ನು ಕೇಳಿ, ನಮ್ಮ ಫೋನನ್ನು ಅವನ ಕಿಸೆಯಲ್ಲಿ ಅರ್ಧ ದಿನ ಇಟ್ಟೆವು. ಬೆಳಗಿನ ಚಳಿಯಲ್ಲಿ ಶುರು ಮಾಡಿದವನು ಮಧ್ಯಾಹ್ನದ ತನಕ ಬಗ್ಗಿ ಬುಡ ಕಡಿದ, ಸೋಗೆ ಸವರಿದ, ಕಟ್ಟು ಕಟ್ಟಿದ, ತಲೆ ಮೇಲೆ ಹೊತ್ತು ಹಲಗೆ ಏರಿ ಟ್ರೇಲರಿಗೆ ಹಾಕಿದ. ಆ್ಯಪ್ ಕೊಟ್ಟಿದ್ದು 2,940 ಹೆಜ್ಜೆ. ಜೊತೆಗೆ, ನೀವು ಬಹಳ ಹೊತ್ತಿನಿಂದ ಕೂತಿದ್ದೀರಿ, ಎದ್ದು ಸ್ವಲ್ಪ ಓಡಾಡಿ ಅಂತ ಒಂದು ನೋಟಿಫಿಕೇಶನ್. ಅದನ್ನು ಅವನಿಗೆ ಓದಿ ಹೇಳಲು ನಮಗೆ ಬಾಯಿ ಬರಲಿಲ್ಲ. ಎರಡು ಹೆಜ್ಜೆ, ನಿಲ್ಲು, ಬಗ್ಗು, ಮತ್ತೆ ಒಂದು ಹೆಜ್ಜೆ. ತಾಳ ಸಿಗದ ದುಡಿಮೆ ಆ ಚಿಪ್ಪಿನ ಲೆಕ್ಕದಲ್ಲಿ ದುಡಿಮೆಯೇ ಅಲ್ಲ. ತಲೆ ಮೇಲಿನ ಭಾರ ಎಷ್ಟು ಅಂತ ಅಳೆಯುವ ಸೆನ್ಸರ್ ಅದರಲ್ಲಿ ಇಲ್ಲವೇ ಇಲ್ಲ. ಗರಡಿಮನೆಯಲ್ಲಿ ದಂಡ, ಬೈಠಕ್ ಹೊಡೆಯುವವರ ಕಥೆಯೂ, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರ ಕಥೆಯೂ ಇದೇ.

ಹತ್ತು ಸಾವಿರ ಎಲ್ಲಿಂದ ಬಂತು?

ಕಾಕಾಗೆ ಸಕ್ರಿ ಬ್ಯಾನಿ ಬಂದು ಒಂಬತ್ತು ವರ್ಷ. ಇದು ಅವರೊಬ್ಬರ ಕಥೆ ಅಲ್ಲ. ಐಸಿಎಂಆರ್ ಜೊತೆ ಸೇರಿ ದೇಶದುದ್ದಕ್ಕೂ ನಡೆದ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಡಯಾಬಿಟಿಸ್ ಇದೆ ಎಂದಿತ್ತು. ಡಾಕ್ಟರ್ ಕಾಕಾಗೆ 'ದಿನಾ ನಡೀರಿ' ಅಂದಿದ್ದರು, ಎಷ್ಟು ಅಂತ ಹೇಳಿರಲಿಲ್ಲ. ನಾವು ಹೇಳಿದೆವು. ದಸರಾಕ್ಕೆ ಹೋದಾಗ ಅವರ ಫೋನಿಗೆ ಆ್ಯಪ್ ಹಾಕಿ, ವಾಚ್ ಕಟ್ಟಿ, ಗುರಿಯ ಜಾಗದಲ್ಲಿ 10,000 ಅಂತ ನಾವೇ ಒತ್ತಿದೆವು. ಎಲ್ಲರೂ ಇಡುವುದು ಅಷ್ಟೇ ಅಲ್ಲವೇ?

ಆ ಹತ್ತು ಸಾವಿರದ ಮೂಲ ವೈದ್ಯಶಾಸ್ತ್ರದಲ್ಲಿಲ್ಲ, ಜಪಾನಿನ ಒಂದು ಅಂಗಡಿ ಸರಕಿನಲ್ಲಿದೆ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಹುರುಪಿನಲ್ಲಿ, 1965ರಲ್ಲಿ, ಅಲ್ಲಿನ ಯಮಾಸಾ ಅನ್ನುವ ಗಡಿಯಾರದ ಕಂಪನಿ ಸೊಂಟಕ್ಕೆ ಕಟ್ಟುವ ಹೆಜ್ಜೆ ಎಣಿಕೆಯ ಯಂತ್ರ ಮಾರಿತು. ಹೆಸರು 'ಮಾಂಪೋ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆ ಮೀಟರ್. ಹೆಸರು ಕಿವಿಗೆ ಹಿತವಾಗಿತ್ತು, ಅಂಕಿ ದುಂಡಗಿತ್ತು, ಉಳಿದುಬಿಟ್ಟಿತು. ಅರವತ್ತು ವರ್ಷ ಆದರೂ ನಮ್ಮ ಫೋನುಗಳಲ್ಲಿ ಅದೇ ಕೂತಿದೆ.

ಸರಿಯಾಗಿ ಅಳೆದು ನೋಡಿದವರಲ್ಲಿ ಹಾರ್ವರ್ಡಿನ ಐ-ಮಿನ್ ಲೀ ಒಬ್ಬರು. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 16,741 ವಯಸ್ಸಾದ ಮಹಿಳೆಯರು ಇದ್ದರು, ಸರಾಸರಿ ವಯಸ್ಸು 72. ದಿನಕ್ಕೆ 2,700 ಹೆಜ್ಜೆಯಷ್ಟು ನಡೆಯುವವರಿಗೆ ಹೋಲಿಸಿದರೆ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ 41 ಶೇಕಡಾ ಕಡಿಮೆ ಇತ್ತು. ಮುಂದೆ ಹೆಜ್ಜೆ ಹೆಚ್ಚಿದಷ್ಟೂ ಲಾಭ ಕಂಡಿತು, ಆದರೆ 7,500ರ ಸುಮಾರಿಗೆ ಗ್ರಾಫ್ ಚಪ್ಪಟೆಯಾಯಿತು. ಅವರೆಲ್ಲ ಅಮೆರಿಕದ ಅಜ್ಜಿಯರು, ಇಪ್ಪತ್ತರ ಹುಡುಗರಿಗೆ ಅದನ್ನೇ ಅಂಟಿಸಲಾಗದು ಅನ್ನುವುದು ನಮಗೂ ಗೊತ್ತು. ಆದರೆ ಸುಮ್ಮನೆ ಕೂತಿದ್ದವರು ಸ್ವಲ್ಪ ನಡೆದರೂ ಬಹಳ ಸಿಗುತ್ತದೆ ಅನ್ನುವ ಮಾತು ಆ ಗ್ರಾಫಿನಲ್ಲಿ ಎದ್ದು ಕಾಣುತ್ತದೆ. ಕಾಕಾ ಅಂಗಡಿಯಲ್ಲಿ ಕೂರುವವರು, ಅವರಿಗೆ ಮೊದಲು 4,000 ಅಂತ ಇಟ್ಟಿದ್ದರೆ ಸಾಕಿತ್ತು.

ಉರಿದ ಕ್ಯಾಲರಿ, ತಿಂದ ಕ್ಯಾಲರಿ

ಹೆಜ್ಜೆಯನ್ನಾದರೂ ಆ್ಯಪ್ ಒಂದು ರೀತಿ ಎಣಿಸುತ್ತದೆ. ಕ್ಯಾಲರಿಯನ್ನು ಅದು ಎಣಿಸುವುದೇ ಇಲ್ಲ, ಲೆಕ್ಕ ಹಾಕುತ್ತದೆ. ಸೂತ್ರ ಸರಳ: ಸುಮ್ಮನೆ ಕೂತ ಮನುಷ್ಯ ಒಂದು ಕಿಲೋ ತೂಕಕ್ಕೆ ಗಂಟೆಗೆ ಸುಮಾರು 1 ಕಿಲೋಕ್ಯಾಲರಿ ಖರ್ಚು ಮಾಡುತ್ತಾನೆ, ಇದಕ್ಕೆ 1 ಮೆಟ್ ಅನ್ನುತ್ತಾರೆ. ಬಿರುಸಿನ ನಡಿಗೆಗೆ ಸುಮಾರು 3.5 ಮೆಟ್. ಕಾಕಾ 70 ಕಿಲೋ ಇದ್ದಾರೆ. ಒಂದು ಗಂಟೆ ನಡೆದರೆ 3.5 × 70, ಅಂದರೆ 245. ಸ್ಕ್ರೀನ್ ಮೇಲೆ ಬರುವುದು ಇದು. ಆದರೆ ಆ ಗಂಟೆ ಮನೆಯಲ್ಲಿ ಕೂತಿದ್ದರೂ 70 ಹೋಗುತ್ತಿತ್ತು. ನಡೆದದ್ದಕ್ಕೆ ಹೆಚ್ಚಾಗಿ ಹೋದದ್ದು 175. ಒಂದು ಮುಷ್ಟಿ ಹುರಿದ ಶೇಂಗಾ, ಅಂದರೆ 30 ಗ್ರಾಂ, ಬಾಯಿಗೆ ಹಾಕಿಕೊಂಡರೆ ಹತ್ತಿರ ಹತ್ತಿರ ಅಷ್ಟೂ ವಾಪಸ್. 'ಇವತ್ತು ನೀವು ಇಷ್ಟು ಗಳಿಸಿದ್ದೀರಿ' ಅಂತ ಆ್ಯಪ್ ಹೇಳಿದ ದಿನ ಕಾಕಾ ಒಂದು ಶೇಂಗಾ ಹೋಳಿಗೆ ಹೆಚ್ಚಿಗೆ ತಿಂದಿದ್ದರಂತೆ. ಕಾಕು ಆಮೇಲೆ ಚಾಡಿ ಹೇಳಿದರು.

ವಾಚ್ ಇದ್ದರೆ ಹೃದಯ ಬಡಿತವೂ ಲೆಕ್ಕಕ್ಕೆ ಸೇರುತ್ತದೆ. ವಾಚಿನ ತಳದಲ್ಲಿ ಹಸಿರು ದೀಪ ಮಿನುಗುತ್ತದಲ್ಲ, ರಕ್ತ ಆ ಹಸಿರನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗಿನ ರಕ್ತ ಹೆಚ್ಚು ಕಡಿಮೆ ಆಗುತ್ತದೆ, ವಾಪಸ್ ಬರುವ ಬೆಳಕೂ ಹಾಗೇ ಏರಿಳಿಯುತ್ತದೆ, ಅದನ್ನು ಎಣಿಸುತ್ತಾರೆ. ಇದು ಬಹಳ ಮಟ್ಟಿಗೆ ಸರಿ ಬರುತ್ತದೆ. 2017ರಲ್ಲಿ ಸ್ಟ್ಯಾನ್‌ಫರ್ಡಿನವರು 60 ಜನರ ಮೇಲೆ ಏಳು ಬಗೆಯ ವಾಚು, ಬ್ಯಾಂಡುಗಳನ್ನು ಪರೀಕ್ಷಿಸಿದಾಗ ಏಳರಲ್ಲಿ ಆರು ಹೃದಯ ಬಡಿತವನ್ನು ಶೇ. 5ರೊಳಗಿನ ತಪ್ಪಿನಲ್ಲಿ ಹೇಳಿದವು. ಅದೇ ವಾಚುಗಳ ಕ್ಯಾಲರಿ? ಎಲ್ಲಕ್ಕಿಂತ ಒಳ್ಳೆಯದು ಸರಾಸರಿ ಶೇ. 27 ತಪ್ಪಿತ್ತು, ಎಲ್ಲಕ್ಕಿಂತ ಕೆಟ್ಟದ್ದು ಶೇ. 93. ನಮ್ಮ ಲ್ಯಾಬಿನಲ್ಲಿ 27 ಪರ್ಸೆಂಟ್ ಎರರ್ ಬರೆದು ರೆಕಾರ್ಡ್ ಕೊಟ್ಟರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ.

ಬಡಿತ ಸರಿ ಇದ್ದೂ ಕ್ಯಾಲರಿ ಯಾಕೆ ತಪ್ಪುತ್ತದೆ? ಎದೆ ಬಡಿದುಕೊಳ್ಳುವುದಕ್ಕೆ ವ್ಯಾಯಾಮವೇ ಬೇಕೆಂದಿಲ್ಲ. ಇದಕ್ಕೆ ನಮ್ಮೂರಿನಲ್ಲೇ ಒಳ್ಳೆಯ ಉದಾಹರಣೆ ಇದೆ. ರನ್ನ ಮುಧೋಳದವನು, ಬಳೆಗಾರರ ಮನೆಯ ಹುಡುಗ. ಅವನ 'ಗದಾಯುದ್ಧ'ದಲ್ಲಿ ವೈಶಂಪಾಯನ ಸರೋವರದಲ್ಲಿ ಅಡಗಿ ಕೂತ ದುರ್ಯೋಧನ, ದಂಡೆಯ ಮೇಲೆ ಭೀಮನ ಗರ್ಜನೆ ಕೇಳಿ ತಣ್ಣೀರಿನೊಳಗೇ ಬೆವರುತ್ತಾನೆ. ಅವನ ಕೈಗೆ ವಾಟರ್‌ಪ್ರೂಫ್ ವಾಚ್ ಕಟ್ಟಿದ್ದರೆ, 'ಈಜು, ಜೋರು' ಅಂತ ದಾಖಲಿಸಿ ಇನ್ನೂರು ಕ್ಯಾಲರಿ ಕೊಟ್ಟಿರುತ್ತಿತ್ತು. ಇಂಟರ್ನಲ್ಸ್ ದಿನ ಹಾಲಿನ ಮುಂದೆ ನಿಂತಾಗ ನಮ್ಮ ವಾಚುಗಳೂ ಹೀಗೇ ಮೋಸ ಹೋಗುತ್ತವೆ.

ತಿಂದದ್ದರ ಲೆಕ್ಕ ಇನ್ನೂ ಕಷ್ಟ. ಆ್ಯಪಿನಲ್ಲಿ ಜೋಳದ ರೊಟ್ಟಿ ಅಂತ ಹುಡುಕಿದರೆ ಸಿಗುತ್ತದೆ, ಇಲ್ಲ ಅನ್ನುವಂತಿಲ್ಲ. ನಾವು ನೋಡಿದ ಒಂದರಲ್ಲಿ ಒಂದು ರೊಟ್ಟಿಗೆ 120 ಕ್ಯಾಲರಿ ಇತ್ತು. ಕಾಕುನ ಹಿಟ್ಟಿನ ಉಂಡೆಗೆ ಹೋಗುವ ಒಣ ಹಿಟ್ಟನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು: 60 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳಕ್ಕೆ 334 ಕಿಲೋಕ್ಯಾಲರಿ. ಅಂದರೆ ಒಂದು ರೊಟ್ಟಿಗೆ 200. ಮೂರು ರೊಟ್ಟಿ ಉಂಡವನ ಲೆಕ್ಕದಲ್ಲಿ 240 ಮಾಯ, ಅದೂ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಬಿಟ್ಟು. ತಪ್ಪು ಜೋಳದ್ದಲ್ಲ. 'ಒಂದು ರೊಟ್ಟಿ' ಅನ್ನುವುದು ಅಳತೆಯೇ ಅಲ್ಲ, ಒಂದೊಂದು ಮನೆಯ ಕೈಗೆ ಒಂದೊಂದು. ಖಡಕ್ ರೊಟ್ಟಿಯದ್ದು ಮತ್ತೊಂದು ಲೆಕ್ಕ. ನೀವು ಮೆಸ್ಸಿನ ಊಟವನ್ನು ಲಾಗ್ ಮಾಡುವುದಾದರೆ ಒಂದು ಸಲ ಚಪಾತಿಯನ್ನು, ಅನ್ನದ ಒಂದು ಸೌಟನ್ನು ತೂಗಿ ನೋಡಿ, ಆಮೇಲೆ ಮಾತಾಡೋಣ. ಇಷ್ಟು ಅಂದಾಜಿನ ಅಂಕಿ ನೋಡಿ ರಾತ್ರಿ ಊಟ ಬಿಡುವವರೂ ನಮ್ಮ ಹಾಸ್ಟೆಲಿನಲ್ಲಿ ಇದ್ದಾರೆ. ಊಟದ ಮೇಲೆ ಹೆದರಿಕೆ ಶುರುವಾಗಿದ್ದರೆ ಆ್ಯಪ್ ತೆಗೆದು ಯಾರ ಹತ್ತಿರವಾದರೂ ಮಾತಾಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.

ಬಿಎಂಐ ಬಗ್ಗೆ ಎರಡೇ ಮಾತು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಸೂತ್ರ ಬೆಲ್ಜಿಯಂನ ಕೆಟ್ಲೆ ಅನ್ನುವ ಗಣಿತಜ್ಞನದ್ದು, 1830ರ ದಶಕದ್ದು. 170 ಸೆಂ.ಮೀ. ಎತ್ತರ, 67 ಕಿಲೋ ಇರುವವನಿಗೆ 23.2 ಬರುತ್ತದೆ. ವಿದೇಶದ ಆ್ಯಪಿನಲ್ಲಿ ಅದು 25ರೊಳಗೆ ಇರುವುದರಿಂದ ಹಸಿರು ಬಣ್ಣ. ಭಾರತೀಯರಿಗೆ ನಮ್ಮ ವೈದ್ಯರು ಇಟ್ಟಿರುವ ಗೆರೆ 23. ಯಾಕೆ ಅನ್ನುವುದಕ್ಕೆ ಪುಣೆಯ ಡಾಕ್ಟರ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ತೋರಿಸಿದರು. ಪಕ್ಕದಲ್ಲಿ ಇಂಗ್ಲೆಂಡಿನ ಗೆಳೆಯ ಡಾಕ್ಟರ್ ಯುಡ್ಕಿನ್. ಇಬ್ಬರ ಬಿಎಂಐಯೂ 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ತೆಳ್ಳಗೆ ಕಾಣುವ ನಮ್ಮವರಿಗೂ ಸಕ್ಕರೆ ಕಾಯಿಲೆ ಬರುವುದನ್ನು ನೋಡಿದವರಿಗೆ ಈ ಫೋಟೋ ಮರೆಯುವಂಥದ್ದಲ್ಲ.

ಕಾಕಾನ ಕಾಲು

ಈಗ ಆ ಪಟ್ಟಿ ಕಟ್ಟಿದ ಕಾಲಿನ ಮಾತು. ನಾವು ಹತ್ತು ಸಾವಿರ ಇಟ್ಟು ಕಾಲೇಜಿಗೆ ಬಂದೆವು. ಕಾಕಾ ಹಟದ ಮನುಷ್ಯ. ಹತ್ತು ಸಾವಿರ ಹೆಜ್ಜೆ ಅಂದರೆ ಸುಮಾರು ಆರೂವರೆ, ಏಳು ಕಿ.ಮೀ., ಒಂದೂವರೆ ಗಂಟೆಗೂ ಮೇಲಿನ ನಡಿಗೆ. ಬೆಳಗ್ಗೆ ಅರ್ಧ, ಅಂಗಡಿ ಮುಚ್ಚಿದ ಮೇಲೆ ಅರ್ಧ. "ಹತ್ತ ಸಾವಿರ ಆಗೂತನಕಾ ಮನಿಗೆ ಬರೂದಿಲ್ಲ" ಅಂತ ರಾತ್ರಿ ಓಣಿಯಲ್ಲೇ ಸುತ್ತುತ್ತಿದ್ದರಂತೆ. ನಮ್ಮ ಗ್ರೂಪಿಗೆ ದಿನಾ ಸ್ಕ್ರೀನ್‌ಶಾಟ್ ಬರುತ್ತಿತ್ತು, ನಾವು ಹೆಬ್ಬೆರಳು ಒತ್ತುತ್ತಿದ್ದೆವು. ಇಪ್ಪತ್ತೊಂದು ದಿನ ಸತತ ಆದಾಗ ಆ್ಯಪ್ ಒಂದು ಬಂಗಾರದ ಬಣ್ಣದ ಬ್ಯಾಡ್ಜ್ ಕೊಟ್ಟಿತು.

ಬಹಳ ವರ್ಷ ಸಕ್ಕರೆ ಹೆಚ್ಚಿದ್ದವರಲ್ಲಿ ಪಾದದ ನರಗಳು ಮಂದ ಆಗುತ್ತವೆ. ನೋವು ಅನ್ನುವುದು ದೇಹದ ಅಲಾರಾಂ, ಅದೇ ಕೆಟ್ಟು ಹೋಗಿರುತ್ತದೆ. ಕಾಕಾ ಹಾಕಿಕೊಂಡಿದ್ದು ಸವೆದ ಹಳೆಯ ಚಪ್ಪಲಿ. ಕಿರುಬೆರಳಿನ ಪಕ್ಕ ಗುಳ್ಳೆ ಎದ್ದಿದೆ, ಒಡೆದಿದೆ, ಅವರಿಗೆ ಗೊತ್ತೇ ಆಗಿಲ್ಲ. ಒಡೆದ ಮೇಲೂ ನಾಲ್ಕೈದು ದಿನ ಹತ್ತು ಸಾವಿರ ನಡೆದಿದ್ದಾರೆ. ಕಾಕು ಕಾಲುಚೀಲ ಒಗೆಯುವಾಗ ಕಲೆ ನೋಡಿದರು. ಆಸ್ಪತ್ರೆಯಲ್ಲಿ ಹುಣ್ಣು ಸ್ವಚ್ಛ ಮಾಡಿ, ಇನ್ನೊಂದು ವಾರ ತಡ ಮಾಡಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತು ಅಂದರಂತೆ. ಮಾಯಲು ಏಳು ವಾರ ಬೇಕಾಯಿತು. ನಾವು ರಜೆಗೆ ಹೋದಾಗ ಅದರ ಕೊನೆಯ ವಾರಗಳು.

ಆ ನಾಲ್ಕೈದು ದಿನದ ಗ್ರಾಫನ್ನು ನಾವು ಆಮೇಲೆ ತೆಗೆದು ನೋಡಿದೆವು. ಹಸಿರು ಕಂಬಗಳು, ಒಂದೂ ಕಡಿಮೆ ಇಲ್ಲ. ಆ್ಯಪನ್ನು ಬೈಯಲು ನಮಗೆ ಆಗುವುದಿಲ್ಲ, ಅದು ಅಲುಗಾಟ ಎಣಿಸಿ ಕೊಡುತ್ತೇನೆ ಅಂದಿತ್ತು, ಎಣಿಸಿತು. ಅದರ ಗುರಿಯ ಜಾಗದಲ್ಲಿ ಅಂಕಿ ಬರೆದವರು ನಾವು. ಡಾಕ್ಟರನ್ನು ಒಂದು ಮಾತು ಕೇಳಿರಲಿಲ್ಲ. ಕಾಕಾ ತೆಗೆದುಕೊಳ್ಳುವ ಗುಳಿಗೆ ಯಾವುದು ಅಂತಲೂ ನಮಗೆ ಗೊತ್ತಿರಲಿಲ್ಲ. ಕೆಲವು ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬಹಳ ನಡೆದರೆ ಸಕ್ಕರೆ ತೀರಾ ಇಳಿದು ತಲೆ ತಿರುಗಿ ಬೀಳಬಹುದು ಅನ್ನುವುದನ್ನು ಡಾಕ್ಟರ್ ಹೇಳಿದಾಗ ಮೂವರೂ ನೆಲ ನೋಡಿದೆವು.

ಹೊರಸಿನ ಮೇಲೆ ಕೂತ ಕಾಕಾ ಬೈಯಲಿಲ್ಲ. ಬದಲಿಗೆ ಒಂದು ಪ್ರಶ್ನೆ ಕೇಳಿದರು: "ಈ ವಾಚಿನ್ಯಾಗ ಸಕ್ರಿ ಎಷ್ಟೈತಿ ಅಂತ ತೋರಸೂದಿಲ್ಲೇನಪಾ? ಅಂಥಾವೂ ಬಂದಾವಂತ." ಬಂದಿವೆ, ಆನ್‌ಲೈನಿನಲ್ಲಿ ಎರಡು ಸಾವಿರಕ್ಕೂ ಸಿಗುತ್ತವೆ, ಸೂಜಿ ಬೇಡ ಅನ್ನುತ್ತವೆ. ಆದರೆ 2024ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಜನರಿಗೆ ಎಚ್ಚರಿಕೆ ಕೊಟ್ಟು, ಚರ್ಮ ಚುಚ್ಚದೆ ತಾನಾಗಿಯೇ ರಕ್ತದ ಸಕ್ಕರೆ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದಿತು. ತೋಳಿಗೆ ಅಂಟಿಸುವ ಸೆನ್ಸರ್ ಬೇರೆ, ಅದರ ತೆಳ್ಳನೆಯ ಎಳೆ ಚರ್ಮದೊಳಗೆ ಇರುತ್ತದೆ, ಫೋನ್ ಅದು ಹೇಳಿದ್ದನ್ನು ತೋರಿಸುತ್ತದೆ ಅಷ್ಟೇ. ಬಿಪಿಯ ಕಥೆ ಇನ್ನೂ ಹಳೆಯದು. ಫೋನಿನ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಹೇಳುತ್ತೇನೆ ಅನ್ನುತ್ತಿದ್ದ 'ಇನ್‌ಸ್ಟಂಟ್ ಬ್ಲಡ್ ಪ್ರೆಶರ್' ಅನ್ನುವ ಆ್ಯಪನ್ನು ಜಾನ್ಸ್ ಹಾಪ್ಕಿನ್ಸ್‌ನವರು ಪರೀಕ್ಷಿಸಿ 2016ರಲ್ಲಿ ಬರೆದರು: ಬಿಪಿ ಹೆಚ್ಚಿದ್ದವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನರ ಬಿಪಿ ಅದಕ್ಕೆ ಹೆಚ್ಚಾಗಿ ಕಂಡಿರಲೇ ಇಲ್ಲ. ಆ ಹೊತ್ತಿಗಾಗಲೇ ಅದು ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತು.

ಅಂಕಿ ಎಲ್ಲಿಗೆ ಹೋಗುತ್ತದೆ

ಇದನ್ನು ಬರೆಯದೆ ಬಿಟ್ಟರೆ ಸಿಎಸ್‌ನವರು ನಮ್ಮನ್ನು ಬಿಡುವುದಿಲ್ಲ. ಸ್ಟ್ರಾವಾ 2017ರ ಕೊನೆಗೆ ಜಗತ್ತಿನಲ್ಲಿ ತನ್ನ ಬಳಕೆದಾರರು ಎಲ್ಲೆಲ್ಲಿ ಓಡುತ್ತಾರೆ ಅನ್ನುವ ಹೊಳೆಯುವ ನಕ್ಷೆಯೊಂದನ್ನು ಬಿಟ್ಟಿತು. ಹೆಸರುಗಳಿರಲಿಲ್ಲ. ಆದರೆ 2018ರ ಜನವರಿಯಲ್ಲಿ ನೇಥನ್ ರೂಸರ್ ಅನ್ನುವ ಆಸ್ಟ್ರೇಲಿಯಾದ 20 ವರ್ಷದ ವಿದ್ಯಾರ್ಥಿ, ಮರುಭೂಮಿಯ ಕತ್ತಲೆಯ ನಡುವೆ ಹೊಳೆಯುವ ಚೌಕಗಳು ಸೇನಾ ನೆಲೆಗಳು ಅಂತ ತೋರಿಸಿದ. ಸೈನಿಕರ ಬೆಳಗಿನ ಓಟವೇ ಬೇಲಿಯ ನಕ್ಷೆ ಬರೆದಿತ್ತು. ನಮ್ಮ ನಡಿಗೆಯ ನಕ್ಷೆಯಲ್ಲಿ ಹಾಸ್ಟೆಲ್ ಗೇಟು, ಹೊರಡುವ ಹೊತ್ತು, ಒಬ್ಬರೇ ಇರುವ ರಸ್ತೆ ಎಲ್ಲವೂ ಇರುತ್ತದೆ. ಹುಡುಗಿಯರಿಗೆ ಇದು ಹೆಚ್ಚು ಹೇಳಬೇಕಿಲ್ಲ. ತಿಂಗಳ ಮುಟ್ಟಿನ ಲೆಕ್ಕ ಇಡುವ ಫ್ಲೋ ಆ್ಯಪ್, ಬಳಕೆದಾರರ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ಗಳಂಥ ಕಂಪನಿಗಳಿಗೆ ಕೊಟ್ಟಿತ್ತು ಅನ್ನುವ ಆರೋಪದ ಮೇಲೆ 2021ರಲ್ಲಿ ಅಮೆರಿಕದ ವ್ಯಾಪಾರ ಆಯೋಗದ ಜೊತೆ ರಾಜಿ ಮಾಡಿಕೊಂಡಿತು. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿದೆ. ಕಾಯ್ದೆ ಇರಲಿ, ಹೆಜ್ಜೆ ಎಣಿಸುವ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳಿದರೆ ಕೊಡಬೇಡಿ. ಅದಕ್ಕೆ ಬೇಕಾದದ್ದು ಚಟುವಟಿಕೆಯ ಅನುಮತಿ ಒಂದೇ. ನಕ್ಷೆ ಬೇಡವಾದರೆ ಲೊಕೇಶನ್ನೂ ಬೇಕಿಲ್ಲ.

ಇಷ್ಟೆಲ್ಲ ಬರೆದ ಮೇಲೂ ನಾವು ಮೂವರೂ ಆ್ಯಪ್ ತೆಗೆದಿಲ್ಲ. ಇವತ್ತಿನ 6,200 ಎಷ್ಟು ನಿಜ ಅನ್ನುವುದು ಬಿಟ್ಟು, ಹೋದ ತಿಂಗಳಿಗಿಂತ ಈ ತಿಂಗಳು ಹೇಗೆ ಅಂತ ನೋಡುತ್ತೇವೆ. ಒಂದೇ ಫೋನು, ಒಂದೇ ಕಿಸೆ, ಒಂದೇ ಮನುಷ್ಯ ಆದರೆ ತಪ್ಪೂ ಹೆಚ್ಚು ಕಡಿಮೆ ಒಂದೇ ಇರುತ್ತದೆ, ಹೋಲಿಕೆಗೆ ಅದು ಸಾಕು. ಪರೀಕ್ಷೆ ವಾರದಲ್ಲಿ ಗ್ರಾಫ್ ಹಳ್ಳಕ್ಕೆ ಬಿದ್ದದ್ದು ಕಂಡು ಒಬ್ಬ ಈಗ ಲೈಬ್ರರಿಗೆ ಸುತ್ತು ಹಾಕಿ ಹೋಗುತ್ತಾನೆ. ಗುಳಿಗೆ ನೆನಪಿಸುವುದು, ಸಕ್ಕರೆ ಪರೀಕ್ಷೆಯ ಅಂಕಿ ತಾರೀಖಿನ ಸಮೇತ ಬರೆದಿಡುವುದು, ಇಂಥ ಗುಮಾಸ್ತನ ಕೆಲಸದಲ್ಲಿ ಫೋನಿಗೆ ಸರಿಸಾಟಿ ಇಲ್ಲ. ಕಾಕಾನ ಡಾಕ್ಟರಿಗೂ ಹೆಜ್ಜೆಗಿಂತ ಆ ಪಟ್ಟಿಯೇ ಹೆಚ್ಚು ಇಷ್ಟವಾಯಿತು.

ಕಾಕಾ ಈಗ ಮತ್ತೆ ನಡೆಯುತ್ತಿದ್ದಾರೆ. ಡಾಕ್ಟರನ್ನು ಕೇಳಿಯೇ 4,000 ಇಟ್ಟಿದ್ದೇವೆ. ಹಳೆಯ ಚಪ್ಪಲಿ ಹೋಯಿತು, ಸಕ್ಕರೆ ಕಾಯಿಲೆಯವರು ಹಾಕುವ ಮೆತ್ತನೆಯ ಎಂಸಿಆರ್ ಚಪ್ಪಲಿ ಬಂತು. ವಾಚ್ ಅವರ ಕೈಗೆ ವಾಪಸ್ ಹೋಗಿದೆ, ಕಾಕುಗೆ ಅದರ ಮೇಲೆ ಸ್ವಲ್ಪ ಆಸೆ ಉಳಿದಿದೆ. ಫೋನಿನಲ್ಲಿ ನಾವು ಇನ್ನೊಂದು ಅಲಾರಾಂ ಇಟ್ಟುಕೊಟ್ಟು ಬಂದಿದ್ದೇವೆ, ಅದಕ್ಕೆ ಯಾವ ಆ್ಯಪೂ ಬೇಕಾಗಿಲ್ಲ. ರಾತ್ರಿ ಒಂಬತ್ತೂವರೆಗೆ ಹೊಡೆಯುತ್ತದೆ, ಸ್ಕ್ರೀನ್ ಮೇಲೆ 'ಕಾಲ ನೋಡ್ರಿ' ಅಂತ ಬರುತ್ತದೆ. ಕಾಕಾ ಹೊರಸಿನ ಮೇಲೆ ಕಾಲು ಚಾಚುತ್ತಾರೆ, ಕಾಕು ಅದೇ ಫೋನಿನ ಟಾರ್ಚ್ ಹಾಕಿ ಅಂಗಾಲು, ಬೆರಳ ಸಂದಿ ಒಂದೊಂದೇ ನೋಡುತ್ತಾರೆ.